ಸೇವೆಗೂ ಓದು ಬೇಕೇ? ಸಮಾಜಕಾರ್ಯ ಪದವಿಯ ಪರಿಚಯ

ಪಿಯುಸಿ ಫಲಿತಾಂಶ ಬಂದ ಕೂಡಲೇ ಮನೆಗಳಲ್ಲಿ ಬಿ.ಕಾಂ., ಸಿ.ಎ., ಇಂಜಿನಿಯರಿಂಗ್ ಮಾತು ಶುರುವಾಗುತ್ತದೆ. ಮಗಳೋ ಮಗನೋ ಸಮಾಜಕಾರ್ಯ ಓದುತ್ತೇನೆ ಎಂದರೆ ಹಿರಿಯರು ಎರಡು ಪ್ರಶ್ನೆ ಕೇಳುತ್ತಾರೆ. ದಾನ, ಸೇವೆ ಮಾಡುವುದಕ್ಕೆ ಡಿಗ್ರಿ ಬೇಕೇ? ಜೀವನಕ್ಕೆ ಏನು ದಾರಿ? ಎರಡೂ ಕೇಳಬೇಕಾದ ಪ್ರಶ್ನೆಗಳೇ.

ಕಲಿಸುವುದೇನು?

ಬಡ ರೋಗಿಯೊಬ್ಬರ ಆಸ್ಪತ್ರೆ ಬಿಲ್ ಕಟ್ಟುವುದು ದೊಡ್ಡ ಉಪಕಾರ. ಆದರೆ ಅವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಸೌಲಭ್ಯ ಸಿಗುತ್ತದೆಯೇ, ಮನೆಗೆ ಹೋದ ಮೇಲೆ ಔಷಧಿಗೆ ಏನು ಮಾಡುತ್ತಾರೆ, ದುಡಿಯುವವರು ಹಾಸಿಗೆ ಹಿಡಿದರೆ ಮಕ್ಕಳ ಶಾಲೆ ನಿಲ್ಲುವುದಿಲ್ಲವೇ? ಇದನ್ನೆಲ್ಲ ವಿಚಾರಿಸಿ ದಾರಿ ಮಾಡಿಕೊಡುವುದು ತರಬೇತಿ ಪಡೆದ ಸಮಾಜ ಕಾರ್ಯಕರ್ತರ ಕೆಲಸ. ವ್ಯಕ್ತಿ, ಗುಂಪು, ಸಮುದಾಯಗಳೊಂದಿಗೆ ಕೆಲಸ ಮಾಡುವ ಕ್ರಮ, ಆಪ್ತ ಸಮಾಲೋಚನೆ, ಕಾನೂನು, ಸಂಶೋಧನೆ ಇದರ ಪಾಠಗಳು. ಪಾಠದ ಜೊತೆಗೆ ಆಸ್ಪತ್ರೆ, ಶಾಲೆ, ಕೊಳೆಗೇರಿಗಳಲ್ಲಿ ಕ್ಷೇತ್ರಕಾರ್ಯ ಕಡ್ಡಾಯ.

ಸಾಮಾಜಿಕ ನೀತಿ ಇನ್ನೊಂದು ಮುಖ್ಯ ವಿಷಯ. ನೂರು ಮಕ್ಕಳಿಗೆ ಒಂದು ದಿನ ಊಟ ಹಾಕುವುದು ದಾನ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲೆಯಿರುವ ಪ್ರತಿದಿನ ಬಿಸಿಯೂಟ ಸಿಗುವಂತೆ ಮಾಡಿದ್ದು ನೀತಿ. ಅಂಥ ಯೋಜನೆ ರೂಪಿಸುವುದು, ಅದು ಮಕ್ಕಳ ತಟ್ಟೆಗೆ ಮುಟ್ಟಿತೇ ಎಂದು ಪರಿಶೀಲಿಸುವುದು ಹೇಗೆಂದು ಇಲ್ಲಿ ಕಲಿಯುತ್ತಾರೆ.

ಎಲ್ಲಿ ಓದಬಹುದು?

ಪಿಯುಸಿ ನಂತರ ಬಿ.ಎಸ್.ಡಬ್ಲ್ಯು., ಪದವಿಯ ನಂತರ ಎರಡು ವರ್ಷದ ಎಂ.ಎಸ್.ಡಬ್ಲ್ಯು. ಇದೆ. ದೇಶದಲ್ಲಿ ಈ ಶಿಕ್ಷಣ 1936ರಲ್ಲಿ ಮುಂಬೈಯಲ್ಲಿ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಯಿತು. ಮಂಗಳೂರಿನ ರೋಶನಿ ನಿಲಯ 1960ರಿಂದ ನಡೆಯುತ್ತಿದೆ. ಮೈಸೂರು, ಬೆಂಗಳೂರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲೂ ಎಂ.ಎಸ್.ಡಬ್ಲ್ಯು. ಇದೆ. ಜೈನ ಸಮಾಜಕ್ಕೆ 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತಿರುವುದರಿಂದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನಗಳನ್ನೂ ವಿಚಾರಿಸಬಹುದು.

ಉದ್ಯೋಗ

ಆಸ್ಪತ್ರೆಗಳು, ಮಕ್ಕಳ ರಕ್ಷಣಾ ಘಟಕಗಳು, ಸ್ವಯಂಸೇವಾ ಸಂಸ್ಥೆಗಳಲ್ಲಿ ಹುದ್ದೆಗಳಿವೆ. ದೊಡ್ಡ ಕಾರ್ಖಾನೆಗಳು ಕಾರ್ಮಿಕ ಕಲ್ಯಾಣಾಧಿಕಾರಿಯನ್ನು ನೇಮಿಸಬೇಕೆಂಬ ಕಾನೂನಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕು. ಆ ಹಣವನ್ನು ಸರಿಯಾಗಿ ಬಳಸಲು ಬಲ್ಲವರು ಬೇಕು. ಸಣ್ಣ ಸಂಸ್ಥೆಗಳಲ್ಲಿ ಆರಂಭದ ಸಂಬಳ ಕಡಿಮೆ ಎಂಬುದನ್ನು ಮುಚ್ಚಿಡಬೇಕಿಲ್ಲ.

ಸೇರುವ ಮೊದಲು ಮಗು ರಜೆಯಲ್ಲಿ ಒಂದು ತಿಂಗಳು ವೃದ್ಧಾಶ್ರಮದಲ್ಲೋ ವಿಶೇಷ ಮಕ್ಕಳ ಶಾಲೆಯಲ್ಲೋ ಕೆಲಸ ಮಾಡಿ ನೋಡಲಿ. ಮನಸ್ಸು ಅಲ್ಲೇ ನಿಂತರೆ ತಂದೆತಾಯಿ ಅಡ್ಡಿ ಹೇಳದಿರುವುದು ಒಳ್ಳೆಯದು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳನ್ನು ಹೇಳಿಕೊಟ್ಟ ಮನೆಯಿಂದಲೇ ಅಂಥ ಮಕ್ಕಳು ಹೊರಟರೆ ಅದರಲ್ಲಿ ಅಚ್ಚರಿಯೇನಿದೆ?