ಹದಿನೇಳು ವಯಸ್ಸು, ಕಾನೂನಿನ ಲೆಕ್ಕದಲ್ಲಿ

ಕಳೆದ ವರ್ಷ ನಮ್ಮ ಓಣಿಯ ಹದಿನೇಳರ ಹುಡುಗನೊಬ್ಬ ಬಸ್ ಸ್ಟ್ಯಾಂಡಿನ ಜಗಳದಲ್ಲಿ ಸಿಕ್ಕಿಬಿದ್ದ. ಇನ್ನೊಬ್ಬನ ತಲೆಗೆ ಜೋರು ಪೆಟ್ಟಾಗಿ, ಕೊಲೆ ಯತ್ನದ ಕೇಸಾಯಿತು. ಅವನ ಅಬ್ಬಾ ನಮ್ಮ ಮನೆಗೆ ಬಂದು, "ಬೇಟಾ, ನೀ ಕಾಲೇಜು ಓದಾಕತ್ತಿ. ನಮ್ಮ ಹುಡುಗನ್ನ ಹಿಂಡಲಗಾ ಜೈಲಿಗೆ ಹಾಕ್ತಾರೇನು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬರುವ ನಾವೆಲ್ಲ ಇದೇ ವಯಸ್ಸಿನವರಲ್ಲವೇ?

ಎಳೆಯರನ್ನು ಪಳಗಿದ ಕೈದಿಗಳಿಂದ ದೂರವಿಡಬೇಕೆಂಬುದು ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗ (ರಾಮದುರ್ಗ ಮಾತ್ರ ಆಗ ಸಂಸ್ಥಾನ) 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಬಂತು. ಧಾರವಾಡದಲ್ಲಿ ಅಂಥದೊಂದು ಶಾಲೆಯಿತ್ತು. 1986ರ ಕಾಯ್ದೆಯಲ್ಲಿ ಹುಡುಗರಿಗೆ ಹದಿನಾರರವರೆಗೆ ಮಾತ್ರ ರಕ್ಷಣೆ. 2000ದಲ್ಲಿ ಅದು ಹದಿನೆಂಟಾಯಿತು. 2012ರ ದೆಹಲಿ ಪ್ರಕರಣದ ನಂತರ ಜನರ ಸಿಟ್ಟು ಏರಿ, ಈಗಿನ ಬಾಲ ನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಗೆ ಬಂತು.

ಇದರ ಪ್ರಕಾರ ಹದಿನೆಂಟರೊಳಗಿನವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು; ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಂಡಳಿ ಕೊಡುವ ಹೆಚ್ಚೆಂದರೆ ಶಿಕ್ಷೆ ವಿಶೇಷ ಗೃಹದಲ್ಲಿ ಮೂರು ವರ್ಷ.

ಆದರೆ ಹದಿನಾರು ತುಂಬಿದವರಿಗೆ ಒಂದು ಬಾಗಿಲು ಬೇರೆಡೆ ತೆರೆದಿದೆ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧವಾದರೆ, ತಾನು ಮಾಡಿದ್ದರ ಪರಿಣಾಮ ಆ ಹುಡುಗನಿಗೆ ತಿಳಿದಿತ್ತೇ ಎಂದು ಮಂಡಳಿ ಮೂರು ತಿಂಗಳಲ್ಲಿ ಅಂದಾಜು ಮಾಡುತ್ತದೆ. (ಹದಿನೇಳರ ಮನಸ್ಸನ್ನು ಹೀಗೆ ಅಳೆಯುವುದು ಸುಲಭವೆಂದು ನನಗನಿಸುವುದಿಲ್ಲ.) ತಿಳಿದಿತ್ತು ಎಂದರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗಿ ದೊಡ್ಡವರಂತೆ ವಿಚಾರಣೆ ಆಗಬಹುದು. ಆಗಲೂ ಗಲ್ಲು ಇಲ್ಲ. ಬಿಡುಗಡೆಯೇ ಇಲ್ಲದ ಜೀವಾವಧಿಯೂ ಇಲ್ಲ. ಇಪ್ಪತ್ತೊಂದು ತುಂಬುವ ತನಕ ಜೈಲಿಗೆ ಕಳಿಸುವಂತಿಲ್ಲ.

ಕೊಲೆ ಘೋರ ಅಪರಾಧ. ಪೋಕ್ಸೊದ ಕೆಲವು ಕಲಮುಗಳೂ ಹಾಗೆಯೇ. ಕೊಲೆ ಯತ್ನಕ್ಕೆ ದೊಡ್ಡ ಶಿಕ್ಷೆಯಿದ್ದರೂ ಕನಿಷ್ಠ ಏಳು ವರ್ಷ ಎಂದಿಲ್ಲ. ಅಂಥವು ಘೋರ ಅಪರಾಧವಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು; 2021ರ ತಿದ್ದುಪಡಿ ಅದನ್ನೇ ಕಾಯ್ದೆಯಲ್ಲಿ ಬರೆಯಿತು. ಚಾಚಾರ ಪ್ರಶ್ನೆಗೆ ಉತ್ತರ ಅಲ್ಲಿತ್ತು: ಇಲ್ಲ, ಹಾಕುವುದಿಲ್ಲ. ಹುಡುಗನಿಗೆ ಮಂಡಳಿಯಲ್ಲೇ ಜಾಮೀನು ಸಿಕ್ಕಿತು.

ಅಷ್ಟರೊಳಗೆ ಅವನ ಫೋಟೊ ಎಷ್ಟೋ ಜನರ ಸ್ಟೇಟಸ್‌ನಲ್ಲಿ ಓಡಾಡಿಯಾಗಿತ್ತು. ಹೀಗೆ ಗುರುತು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಾಕಿದವರಲ್ಲಿ ನಮ್ಮ ತರಗತಿಯವರೂ ಇದ್ದರು.

ವಯಸ್ಸಿನ ಲೆಕ್ಕ ಅಪರಾಧ ನಡೆದ ದಿನಕ್ಕೆ. ಪುರಾವೆಯಾಗಿ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ, ಪಂಚಾಯತಿಯ ಜನನ ಪತ್ರ. ಯಾವುದೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ಇದನ್ನು ಓದಿದ ರಾತ್ರಿ ನನ್ನ ಅಂಕಪಟ್ಟಿ ತೆಗೆದು ನೋಡಿದೆ: ಜೂನ್ 1. ಅಮ್ಮಿ ಹೇಳುವ ಪ್ರಕಾರ ನಾನು ಹುಟ್ಟಿದ್ದು ಅದರ ಮುಂದಿನ ಜೋಳದ ಸುಗ್ಗಿಯಲ್ಲಿ. ಒಂದನೇ ತರಗತಿಗೆ ವಯಸ್ಸು ಸಾಲದೆಂದು ಕೂಡಿಸಿ ಬರೆಸಿದ್ದರಂತೆ. ಕಾನೂನಿನ ಮುಂದೆ ನಾನು ಎಂಟು ತಿಂಗಳು ಮೊದಲೇ ದೊಡ್ಡವನಾಗುತ್ತೇನೆ.