ನೆರೆ ಇಳಿದ ಮೇಲೂ ಉಳಿಯುವ ಇಲಿಜ್ವರದ ರೋಗಾಣು

2005ರ ಜುಲೈ 26ನ್ನು ಮುಂಬಯಿ ಪರಿಸರದ ಕನ್ನಡಿಗರು ಮರೆಯಲಾರರು. ಸಾಂತಾಕ್ರೂಜ್‌ನಲ್ಲಿ ಅಂದು 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ರೈಲುಗಳು ಸ್ಥಗಿತಗೊಂಡು, ಸಾವಿರಾರು ಮಂದಿ ನೀರಿನಲ್ಲೇ ನಡೆದು ಮನೆ ಸೇರಿದರು. ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣ್ ಪರಿಸರ ಜಲಾವೃತವಾಯಿತು. ನೀರೇನೋ ಇಳಿಯಿತು, ಆದರೆ ನಂತರದ ವಾರಗಳಲ್ಲಿ ಮಹಾನಗರದಲ್ಲಿ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ಹಲವರನ್ನು ಬಲಿ ತೆಗೆದುಕೊಂಡಿತು. ಗದ್ದೆಗಿಳಿದು ದುಡಿಯುವ ನಮ್ಮ ಕರಾವಳಿಯ ರೈತರಿಗೂ ಇದು ಅಪರಿಚಿತ ಕಾಯಿಲೆಯಲ್ಲ.

ಇದಕ್ಕೆ ಕಾರಣವಾದ ಲೆಪ್ಟೋಸ್ಪೈರಾ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇಲಿಯ ಮೂತ್ರಪಿಂಡದಲ್ಲಿ ಅದಕ್ಕೆ ತೊಂದರೆ ಕೊಡದೆ ನೆಲೆಸಿ, ಮೂತ್ರದೊಂದಿಗೆ ಹೊರಬೀಳುತ್ತದೆ. ಧನುರ್ವಾಯುವಿನ ರೋಗಾಣುವಿನಂತೆ ಗಟ್ಟಿ ಕವಚದ ಬೀಜಕವಾಗುವ ವಿದ್ಯೆ ಇದಕ್ಕಿಲ್ಲ. ಒಣಗಿದರೆ ಸಾಯುತ್ತದೆ; ಕ್ಲೋರಿನ್ ತಾಳದು. ಆದರೂ ತೇವದ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ಹೇಗೆ?

ಒಂಟಿಯಾಗಿರದೆ ಗುಂಪುಗೂಡುವುದೇ ಅದರ ಮುಖ್ಯ ಉಪಾಯ. ತಾನೇ ಸ್ರವಿಸಿದ ಲೋಳೆಯಂತಹ ಹೊದಿಕೆಯೊಳಗೆ, ಕೆಲವೊಮ್ಮೆ ಅನ್ಯ ಸೂಕ್ಷ್ಮಜೀವಿಗಳೊಡನೆಯೂ, ಅದು ಅಡಗಿರುತ್ತದೆ. ಬಯೋಫಿಲ್ಮ್ ಎನ್ನುವ ಈ ಹೊದಿಕೆಯು ಪೋಷಕಾಂಶಗಳ ಕೊರತೆಯನ್ನೂ ಔಷಧಿಯ ಹೊಡೆತವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಲೆಪ್ಟೋಸ್ಪೈರಾದ ಎರಡು ಪ್ರಭೇದಗಳ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ದನಗಳಲ್ಲಿ ಕಾಣುವ ಬೋರ್ಗ್‌ಪೀಟರ್ಸೆನಿ ಎಂಬ ಪ್ರಭೇದವು ಹೊರಗಿನ ಪರಿಸರವನ್ನು ಗ್ರಹಿಸುವ ಅನೇಕ ವಂಶವಾಹಿಗಳನ್ನು ಕಳೆದುಕೊಂಡಿದೆ. ಹಾಗಾಗಿ ನೀರಿನಲ್ಲಿ ಬಹುಕಾಲ ಬಾಳದೆ, ಹೆಚ್ಚಾಗಿ ನೇರ ಸಂಪರ್ಕದಿಂದಲೇ ಹರಡುತ್ತದೆ. ಇಂಟರೊಗನ್ಸ್ ಎಂಬ ಪ್ರಭೇದವಾದರೋ ಅವನ್ನು ಉಳಿಸಿಕೊಂಡಿದೆ. ನೆರೆಯ ನೀರು ನಮಗೆ ಅಪಾಯಕಾರಿಯಾಗುವುದು ಇದರಿಂದಲೇ.

ಕಾಲಿನ ಗಾಯದ ಮೂಲಕ ದೇಹ ಹೊಕ್ಕೊಡನೆ ಅಲ್ಲಿನ ಉಪ್ಪಿನಂಶದ ಏರಿಕೆಯನ್ನು ರೋಗಾಣು ಗುರುತಿಸಿ, ಅಂಗಾಂಶಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ತಯಾರಿಸುತ್ತದೆ. ನಮ್ಮ ಬಿಳಿ ರಕ್ತಕಣಗಳು ಪ್ರಯೋಗಿಸುವ ಹೈಡ್ರೋಜನ್ ಪೆರಾಕ್ಸೈಡನ್ನು ಕೆಟಲೇಸ್ ಎಂಬ ಕಿಣ್ವದಿಂದ ನಿಷ್ಕ್ರಿಯಗೊಳಿಸುತ್ತದೆ.

ಜ್ವರವು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಲೆದೋರುತ್ತದೆ. ಮೀನಖಂಡದ ತೀವ್ರ ನೋವು, ಕೆಂಪಡರಿದ ಕಣ್ಣುಗಳು ಇದರ ಕುರುಹುಗಳು. ಥಾಣೆ, ಡೊಂಬಿವಲಿ, ನವಿಮುಂಬಯಿಯ ಬಂಧುಗಳು ಮಳೆನೀರಿನಲ್ಲಿ ನಡೆದ ಬಳಿಕ ಜ್ವರ ಬಂದರೆ, ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ನೀರಿಗಿಳಿದವರಿಗೆ ಮುನ್ನೆಚ್ಚರಿಕೆಯಾಗಿ ಡಾಕ್ಸಿಸೈಕ್ಲಿನ್ ಕೊಡುವ ಕ್ರಮವೂ ಇದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಒಗ್ಗದಿರುವುದರಿಂದ ಅಂಗಡಿಯಿಂದ ತಾವೇ ಕೊಂಡು ನುಂಗುವಂತಿಲ್ಲ.