ಕೇಪಿನ ಕೋವಿಗೆ ಕೈಗುಣ ಬೇಕು

ರಿಪೇರಿಗೆ ಬಂದ ಕೇಪಿನ ಕೋವಿಯನ್ನು ಪಳಗಿದ ಕೆಲಸಗಾರ ಕೂಡಲೇ ಬಿಚ್ಚಲು ಹೋಗುವುದಿಲ್ಲ, ಮೊದಲು ಅಳೆಯುತ್ತಾನೆ. ಮದ್ದು ಬಿಗಿಯುವ ಸಲಾಕೆಯಾದ ಗಜವನ್ನು ನಳಿಗೆಯ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಹೆಬ್ಬೆರಳಿನಲ್ಲಿ ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ನೋಡುತ್ತಾನೆ. ಗಜದ ತುದಿ ಕೇಪು ಕೂರುವ ನಿಪ್ಪಲಿನ ಹತ್ತಿರಕ್ಕೆ ಬಂದರೆ ಕೋವಿ ಖಾಲಿ. ನಾಲ್ಕು ಬೆರಳು ಹಿಂದೆಯೇ ನಿಂತಿತೋ, ಒಳಗೆ ಈಡು ಇದೆ ಎಂದೇ ಲೆಕ್ಕ. ‘ಏನೂ ತುಂಬಿಲ್ಲ’ ಎಂದು ತಂದವರು ಎಷ್ಟೇ ಹೇಳಲಿ, ಈ ಕಸುಬಿನಲ್ಲಿ ಆ ಮಾತಿಗೆ ಬೆಲೆಯಿಲ್ಲ. ಹಂದಿ ಕಾಯಲೆಂದು ತುಂಬಿಟ್ಟು ಮರೆತ ಮದ್ದು, ಒಣಗಿಯೇ ಇದ್ದರೆ, ವರ್ಷಗಳ ಮೇಲೂ ಹೊತ್ತಿಕೊಳ್ಳಬಲ್ಲದು.

ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿಯೆಂದರೆ ಎರಡು ಬಗೆ. ಹಿಂದಿನಿಂದ ಮುರಿದು ತೋಟಾ ಹಾಕುವುದು ತೋಟಾ ಕೋವಿ. ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ಕತ್ತ ತುರುಕಿ, ಚರೆ ಹಾಕಿ, ಮತ್ತೆ ಕತ್ತವಿಟ್ಟು ಗಜದಿಂದ ಬಿಗಿಯುವುದು ಕೇಪಿನ ಕೋವಿ. ಬಿಲ್ಲು, ಅಂದರೆ ಟ್ರಿಗರ್, ಎಳೆದಾಗ ಕುದುರೆ ಎಂಬ ಸುತ್ತಿಗೆ ಬಿದ್ದು, ನಿಪ್ಪಲಿನ ಮೇಲೆ ಕೂರಿಸಿದ ಸಿಡಿಮದ್ದಿನ ಪುಟ್ಟ ಟೊಪ್ಪಿಯಾದ ಕೇಪು ಸಿಡಿಯುತ್ತದೆ. ಆ ಕಿಡಿ ನಿಪ್ಪಲಿನ ಸಣ್ಣ ತೂತಿನಿಂದ ಇಳಿದು ಮದ್ದಿಗೆ ತಗುಲುತ್ತದೆ. ಒಂದು ಈಡು ಮುಗಿದರೆ ಮತ್ತೆ ಮೊದಲಿನಿಂದ ಶುರು. ಯುರೋಪಿನಲ್ಲಿ 19ನೇ ಶತಮಾನದ ಮೊದಲ ದಶಕಗಳಲ್ಲಿ ರೂಪುಗೊಂಡ ಈ ಏರ್ಪಾಡು ಅಲ್ಲಿನ ಸೈನ್ಯಗಳಿಂದ ಅದೇ ಶತಮಾನದಲ್ಲಿ ಮರೆಯಾಯಿತು. ಇಲ್ಲಿನ ಅಡಿಕೆ ತೋಟ, ಗದ್ದೆಗಳಲ್ಲಿ ಮಾತ್ರ ಉಳಿದುಕೊಂಡಿತು.

ಮದ್ದು, ಕಬ್ಬಿಣಗಳ ನಂಟು ಈ ಸೀಮೆಗೆ ಹಳೆಯದು. 1763ರಲ್ಲಿ ಕೆಳದಿ ಅರಸರಿಂದ ಬಿದನೂರನ್ನು ಗೆದ್ದುಕೊಂಡ ಹೈದರಾಲಿ ಅದಕ್ಕೆ ಹೈದರನಗರ ಎಂದು ಹೆಸರಿಟ್ಟು ಅಲ್ಲಿ ಆಯುಧಗಳ ಕಾರ್ಖಾನೆ ನಡೆಸಿದ. ಈಗ ಹೊಸನಗರ ತಾಲ್ಲೂಕಿಗೆ ಸೇರಿರುವ ಆ ನಗರದ ಹಾಳು ಬಾವಿಯೊಂದರಲ್ಲಿ 2018ರಲ್ಲಿ ಪುರಾತತ್ವ ಇಲಾಖೆಗೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಮದ್ದು ತುಂಬಿದ ಆ ಕೊಳವೆಗಳನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ತರಲಾಯಿತು. ಭದ್ರಾವತಿಯ ಕತೆ ಆಮೇಲಿನದು. ಆಗಿನ್ನೂ ಬೆಂಕಿಪುರ ಎನಿಸಿಕೊಂಡಿದ್ದ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಬೆನ್ನೆಲುಬಾಗಿ ನಿಂತವರು ಸರ್ ಎಂ. ವಿಶ್ವೇಶ್ವರಯ್ಯ. ಅದಿರು ಬಾಬಾಬುಡನ್ ಬೆಟ್ಟದ್ದು, ಉರುವಲು ಮಲೆನಾಡಿನ ಕಾಡಿನ ಇದ್ದಿಲು. ಫಿಟ್ಟರ್, ಟರ್ನರ್, ಎರಕದವರ ತಲೆಮಾರುಗಳನ್ನೇ ಬೆಳೆಸಿದ ಊರದು. ಉಕ್ಕಿನ ಗುಣ ಅರಿತವರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಎಂದೂ ಬರವಿರಲಿಲ್ಲ.

ಕೇಪಿನ ಕೋವಿಯ ದೊಡ್ಡ ಶತ್ರು ಅದರದೇ ಮದ್ದು. ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಮಳೆಗಾಲದಲ್ಲಿ ಹಾರಿಸಿದ ಕೋವಿಯನ್ನು ಅಂದೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ತುಕ್ಕು ತಳದಿಂದಲೇ ತಿನ್ನತೊಡಗುತ್ತದೆ. ಒತ್ತಡ ಅತಿ ಹೆಚ್ಚು ಬೀಳುವುದೂ ಅಲ್ಲೇ. ಹೊರಗೆ ಫಳಫಳ ಹೊಳೆಯುವ ನಳಿಗೆ ಒಳಗೆ ಗುಳಿಬಿದ್ದಿರಬಹುದು. ಅನುಭವಿ ರಿಪೇರಿಗಾರ ಬೆಳಕು ಬಿಟ್ಟು ನೋಡುತ್ತಾನೆ, ಗಜದ ತುದಿಗೆ ಬಟ್ಟೆ ಸುತ್ತಿ ಆಡಿಸಿ ಎಲ್ಲಿ ತಡೆಯುತ್ತದೆಂದು ಕೈಯಲ್ಲೇ ತಿಳಿಯುತ್ತಾನೆ. ಗುಳಿ ಆಳವಾಗಿದ್ದರೆ ‘ಇದನ್ನಿನ್ನು ಹಾರಿಸಬೇಡಿ’ ಎಂದು ಹೇಳುವುದೂ ಅವನ ಕೆಲಸವೇ. ಕಾಸು ಹುಟ್ಟದ ಆ ಮಾತಿನಲ್ಲಿ ಅವನ ಕಸುಬಿನ ಮರ್ಯಾದೆಯಿದೆ.

ಉಳಿದವು ಕೈಗೆ ದಕ್ಕುವ ರೋಗಗಳು. ನಿಪ್ಪಲಿನ ತೂತು ಸವೆದು ಅಗಲವಾದರೆ ಹೊಗೆಬೆಂಕಿ ಹಿಂದಕ್ಕೆ, ಹಾರಿಸುವವನ ಮುಖದತ್ತ ಚಿಮ್ಮುತ್ತದೆ, ನಿಪ್ಪಲನ್ನೇ ಬದಲಿಸಬೇಕು. ಕುದುರೆಯ ಸ್ಪ್ರಿಂಗು ಸಡಿಲವಾದರೆ ಕೇಪು ಸಿಡಿಯುವುದಿಲ್ಲ. ಕುದುರೆಯನ್ನು ಹಿಡಿದು ನಿಲ್ಲಿಸುವ ಕಚ್ಚು ಸವೆದಿದ್ದರಂತೂ ಬಿಲ್ಲು ಮುಟ್ಟದೆಯೇ ಈಡು ಹಾರಬಹುದು. ಆ ಕಚ್ಚಿನ ಮೇಲೆ ಅರ ಆಡಿಸುವಾಗ ಒಂದು ಎಳೆತ ಹೆಚ್ಚಾದರೂ ಕೆಲಸ ಕೆಟ್ಟಿತು. ಮರದ ಹಿಡಿ ಬಿರುಕು ಬಿಡುವುದು ಅಂಗೈ ಹಿಡಿಯುವ ಸಣ್ಣ ಕುತ್ತಿಗೆಯಲ್ಲಿ. ಹೊಸ ಹಿಡಿಗೆ ಚೆನ್ನಾಗಿ ಆರಿದ ಮರವೇ ಆಗಬೇಕು, ಅದರ ಎಳೆ ಕುತ್ತಿಗೆಯುದ್ದಕ್ಕೂ ನೇರ ಹರಿದಿರಬೇಕು. ಕಬ್ಬಿಣದ ಭಾಗಗಳಿಗೆ ಮಸಿ ಹಚ್ಚಿ ಮರಕ್ಕೆ ಒತ್ತಿ, ಕಪ್ಪು ಹತ್ತಿದಲ್ಲಿ ಮಾತ್ರ ಕೆತ್ತುತ್ತ ಕೂರಿಸುವ ಈ ಕೆಲಸಕ್ಕೆ ಆಚಾರಿಯ ಕಣ್ಣೇ ಅಳತೆ.

ಇಷ್ಟೆಲ್ಲ ಬಲ್ಲವನ ತಲೆಯ ಮೇಲೆ ಕಾನೂನೂ ಕೂತಿರುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೇಳುವ ರೈತನಿಗೆ 1959ರ ಶಸ್ತ್ರ ಕಾಯ್ದೆಯ 13ನೇ ಕಲಂ ಹೆಸರು ಹಿಡಿದು ಹೇಳುವುದು ಬಾಯಿಂದ ತುಂಬುವ ಈ ಕೋವಿಯನ್ನೇ. ಅದು ಸಾಲದೆನಿಸಿದರೆ ಮಾತ್ರ ಬೇರೆಯದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ 2029ರವರೆಗೆ ಇರುವ ವಿನಾಯಿತಿ ಶಿವಮೊಗ್ಗದ ರೈತನಿಗಿಲ್ಲ. ಇಟ್ಟುಕೊಳ್ಳಲು ಹೇಗೋ ಹಾಗೆಯೇ, 5ನೇ ಕಲಮಿನ ಪ್ರಕಾರ, ಕಸುಬಾಗಿ ತಯಾರಿಸಲು, ಮಾರಲು, ರಿಪೇರಿ ಮಾಡಲು, ಪರೀಕ್ಷಿಸಲು ಬೇರೆಯೇ ಲೈಸೆನ್ಸ್ ಬೇಕು. ಬಾಯಿ ಸೀಳಿದ ನಳಿಗೆಯನ್ನು ಕತ್ತರಿಸಿ ಮೋಟು ಮಾಡುವುದಕ್ಕೂ ಪ್ರತ್ಯೇಕ ಅನುಮತಿ. ನಂಬರನ್ನು ಅಳಿಸುವುದು ಅಪರಾಧವಾದ್ದರಿಂದ ತುಕ್ಕು ಉಜ್ಜುವವನ ಎಮರಿ ಕಾಗದ ಆ ಅಂಕಿಗಳ ಹತ್ತಿರ ಬಂದಾಗ ನಿಧಾನವಾಗುತ್ತದೆ. 2019ರ ತಿದ್ದುಪಡಿಯ ಬಳಿಕ ಲೈಸೆನ್ಸಿಲ್ಲದ ತಯಾರಿಕೆಗೆ, ರಿಪೇರಿಗೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿಯೂ ಆಗಬಹುದು.

ಕಳ್ಳ ನಾಡಕೋವಿಯಿಂದ ಕಾಡಿಗೂ ಊರಿಗೂ ಆಗುವ ಕೇಡು ನೋಡಿದವರು ಈ ಬಿಗಿಯನ್ನು ತಪ್ಪೆನ್ನಲಾರರು. ಆದರೆ ಸಮಸ್ಯೆ ಇನ್ನೊಂದಿದೆ. ಇಂಥ ಕೆಲಸ ಪುಸ್ತಕ ಓದಿ ಬರುವುದಲ್ಲ, ಬಲ್ಲವನ ಪಕ್ಕದಲ್ಲಿ ಕೂತು ಕಲಿಯುವಂಥದು. ಲೈಸೆನ್ಸ್ ಇದ್ದವನ ಬಳಿ ಕಲಿಯುವ ಹುಡುಗರು ಇಲ್ಲದಿದ್ದರೆ, ಕೋವಿ ಹೋಗುವುದು ಯಾವುದೋ ವೆಲ್ಡಿಂಗ್ ಅಂಗಡಿಗೆ. ಅಲ್ಲಿ ಬಿದ್ದ ಬೆಸುಗೆ ನಳಿಗೆಯ ಉಕ್ಕಿನ ಹದ ಕೆಡಿಸಿ ಮುಂದಿನ ಈಡಿಗೆ ಸಿಡಿದರೆ, ಬೆರಳು ಕಳೆದುಕೊಳ್ಳುವವನು ಲೈಸೆನ್ಸ್ ಸರಿಯಾಗಿಯೇ ಇಟ್ಟುಕೊಂಡ ರೈತ. ಕೋವಿಗೆ ಲೈಸೆನ್ಸ್ ಕೊಡುವ ಜಿಲ್ಲಾಡಳಿತವೇ ಅದನ್ನು ಸರಿಮಾಡುವ ಕೈಗಳ ಲೆಕ್ಕವನ್ನೂ ಇಟ್ಟುಕೊಂಡು, ಹೊಸಬರಿಗೆ ಕಲಿಯುವ ದಾರಿ ತೆರೆಯಬೇಕು. ಉಕ್ಕಿನ ಕೆಲಸ ಬಲ್ಲ ಭದ್ರಾವತಿಯಿರುವ ಜಿಲ್ಲೆಗೆ ಇದು ದೊಡ್ಡ ಮಾತೇನಲ್ಲ.